ಬಿಸಿಲು ಇಳಿಯದ ಕಣಿವೆಯಿಂದ ಒಂದು ಪತ್ರ

ರ್ಯೂಕನ್, ನಾರ್ವೆ
ಫೆಬ್ರವರಿ ಮೂರನೇ ವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಡಿಕೆ ಸುಲಿಯುವ ಕೆಲಸ ಮುಗಿದು ನಿಮಗೆ ಸ್ವಲ್ಪ ಬಿಡುವಾಗಿರಬೇಕು ಎಂದುಕೊಂಡು ಬರೆಯುತ್ತಿದ್ದೇನೆ. ಅಪ್ಪ, ಮೊನ್ನೆ ಫೋನಿನಲ್ಲಿ "ಕನ್ನಡಿ ಇಟ್ಟು ಊರಿಗೆ ಬಿಸಿಲು ತರ್ತಾರಾ?" ಎಂದು ಕೇಳಿದಿರಿ. ಹೌದು, ನಿಜವಾಗಿಯೂ ತರುತ್ತಾರೆ.

ಈ ಊರು ಆಳವಾದ ಕಣಿವೆಯಲ್ಲಿದೆ. ಪಕ್ಕದ ಗೌಸ್ಟಾಟೋಪನ್ ಬೆಟ್ಟವೇ 1,883 ಮೀಟರ್ ಎತ್ತರ. ಚಳಿಗಾಲದಲ್ಲಿ ಸೂರ್ಯ ಎಷ್ಟು ಕೆಳಗೆ ಸಾಗುತ್ತಾನೆಂದರೆ ಬೆಟ್ಟ ದಾಟಿ ಬಿಸಿಲು ಇಳಿಯುವುದೇ ಇಲ್ಲ. ಸೆಪ್ಟೆಂಬರ್ ಕೊನೆಗೆ ಹೋದದ್ದು ಮತ್ತೆ ಬರುವುದು ಮಾರ್ಚ್ ಮಧ್ಯಕ್ಕೆ. ಕತ್ತಲೆ ಅಂತಲ್ಲ, ಬೆಳಕಿರುತ್ತದೆ. ತಲೆ ಎತ್ತಿದರೆ ಮೇಲಿನ ಇಳಿಜಾರಿನಲ್ಲಿ ಹೊಂಬಿಸಿಲು ಕಾಣುತ್ತದೆ. ನಮ್ಮ ಅಂಗಳಕ್ಕೆ ಮಾತ್ರ ಇಲ್ಲ. ಆಷಾಢದಲ್ಲಿ ಬಟ್ಟೆ ಒಣಗದೆ ಅಮ್ಮ ಎಲ್ಲವನ್ನೂ ಬಚ್ಚಲ ಒಲೆಯ ಹತ್ತಿರ ಹರಡುತ್ತಾಳಲ್ಲ, ಆ ದಿನಗಳ ಮಂಕು ಇಲ್ಲಿ ಐದು ತಿಂಗಳಿಗೂ ಜಾಸ್ತಿ.

ಇಂಥ ಜಾಗದಲ್ಲಿ ಊರು ಯಾಕೆ ಕಟ್ಟಿದರು? ನೀರಿಗಾಗಿ. ಇಲ್ಲೊಂದು ದೊಡ್ಡ ಜಲಪಾತವಿದೆ. ಅದರ ನೀರನ್ನು ಪೈಪಿಗೆ ಇಳಿಸಿ 1911ರಲ್ಲಿ ವೇಮೋರ್ಕ್ ವಿದ್ಯುತ್ ಕೇಂದ್ರ ಶುರುಮಾಡಿದರು. ಆ ವಿದ್ಯುತ್ತಿನಿಂದ ಗೊಬ್ಬರದ ಕಾರ್ಖಾನೆ ನಡೆಯಿತು, ಕೆಲಸಗಾರರಿಗಾಗಿ ಈ ಊರು ಎದ್ದಿತು. ನಮ್ಮ ಜೋಗ, ಕಾರ್ಗಲ್ ಕಥೆಯೇ ಅಲ್ವಾ ಅಪ್ಪ? ಈಗ ಆ ಕಾರ್ಖಾನೆಯ ಕಾಲ ಮುಗಿದಿದೆ. ಊರಲ್ಲಿ ಉಳಿದಿರುವವರು ಸುಮಾರು 3,000 ಜನ. ಹುಡುಗರು ಓದಿಗೆಂದು ಹೋದವರು ವಾಪಸ್ ಬರುವುದು ಕಡಿಮೆ ಎಂದು ಇಲ್ಲಿಯ ಹಿರಿಯರೂ ನಿಮ್ಮ ಹಾಗೇ ಕೊರಗುತ್ತಾರೆ.

ಬಿಸಿಲಿನ ಯೋಚನೆ ಇವರಿಗೆ ಹಳೆಯದು. ಕನ್ನಡಿಯ ಮಾತು ನೂರು ವರ್ಷದ ಹಿಂದೆಯೇ ಎದ್ದಿತ್ತಂತೆ, ಆಗ ಅದನ್ನು ಮಾಡುವ ದಾರಿ ಇರಲಿಲ್ಲ. ಬದಲಿಗೆ 1928ರಲ್ಲಿ ಕಾರ್ಖಾನೆಯ ಕಂಪನಿಯವರು ರೋಪ್‌ವೇ ಹಾಕಿಸಿದರು. ಚಳಿಗಾಲದಲ್ಲಿ ಜನ ಮೇಲೆ ಹೋಗಿ ಬಿಸಿಲು ಕಾಯಿಸಿಕೊಂಡು ಬರಲಿ ಅಂತ. ಅದು ಈಗಲೂ ಓಡುತ್ತಿದೆ. ಕೊನೆಗೆ 2013ರಲ್ಲಿ ಊರಿನಿಂದ 450 ಮೀಟರ್ ಮೇಲೆ, ಬೆಟ್ಟದ ಮೈಯಲ್ಲಿ ಮೂರು ದೊಡ್ಡ ಕನ್ನಡಿ ನಿಲ್ಲಿಸಿದರು. ಒಂದೊಂದೂ 17 ಚದರ ಮೀಟರ್. ಸೂರ್ಯ ಸರಿದಂತೆ ಕಂಪ್ಯೂಟರ್ ಅವನ್ನು ತಿರುಗಿಸುತ್ತದೆ. ಊರ ನಡುವಿನ ಚೌಕದಲ್ಲಿ ಸುಮಾರು 600 ಚದರ ಮೀಟರ್ ಜಾಗಕ್ಕೆ ಬಿಸಿಲು ಬೀಳುತ್ತದೆ.

ಖರ್ಚು ಇಲ್ಲಿಯ ದುಡ್ಡಿನಲ್ಲಿ 50 ಲಕ್ಷ ಕ್ರೋನರ್. ದೊಡ್ಡ ಪಾಲು ಪ್ರಾಯೋಜಕರಿಂದ ಬಂದರೂ ಊರಲ್ಲಿ ಜಗಳವೇ ಆಯಿತು. ಶಾಲೆ ಇದೆ, ವಯಸ್ಸಾದವರ ಆರೈಕೆ ಇದೆ, ಅದೆಲ್ಲ ಬಿಟ್ಟು ಬಿಸಿಲಿಗೆ ಯಾಕೆ ದುಡ್ಡು ಎಂದವರು ಬಹಳ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹೋದ ಶನಿವಾರ ಚೌಕದಲ್ಲಿ ಕಂಡದ್ದನ್ನು ಬರೆಯುತ್ತೇನೆ.

ಹಿಮದ ಮೇಲೆ ಬಿಸಿಲಿನ ಅಂಚು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಆಚೆ ನೀಲಿ ನೆರಳು, ಈಚೆ ಕಣ್ಣು ಕುಕ್ಕುವ ಬಿಳಿ. ಬೂಟಿನಡಿ ಮುಳ್ಳಿನ ಪಟ್ಟಿ ಕಟ್ಟಿಕೊಂಡು ಮುದುಕರು ನಿಧಾನಕ್ಕೆ ಬಂದು ಬೆಂಚಿನಲ್ಲಿ ಕೂತರು. ಒಬ್ಬಳು ತಾಯಿ ಮಗುವಿನ ಗಾಡಿಯನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದಳು. ನನ್ನ ಪಕ್ಕ ಒಬ್ಬರು ಅಜ್ಜಿ ಕೈಗವಸು ಕಳಚಿ, ಅಂಗೈ ಹಿಂದೆ ಮುಂದೆ ತಿರುಗಿಸುತ್ತ ಸುಮ್ನೆ ಕೂತಿದ್ದರು. ಬೇರೆ ದಿನ ಒಬ್ಬರಿಗೊಬ್ಬರು ತಲೆಯಾಡಿಸಿ ಹೋಗುವ ಜನ ಅಲ್ಲಿ ನಿಂತು ಮಾತಾಡುತ್ತಾರೆ. ಯಾರಿಗೆ ಹುಷಾರಿಲ್ಲ, ಯಾರ ಮನೆ ಮಾರಾಟಕ್ಕಿದೆ, ಎಲ್ಲ ಗೊತ್ತಾಗುವುದು ಅಲ್ಲೇ. ಆರೈಕೆ ಅಂದರೆ ಇದೂ ಹೌದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅಪ್ಪ, ಅದಕ್ಕೇ ನಮ್ಮೂರಿಗೊಂದು ವಾಚನಾಲಯ ಬೇಕೆನ್ನುವ ವಿಷಯ ಬಿಡಬೇಡಿ. ರಸ್ತೆ ಮೊದಲು ಆಗಲಿ ಎನ್ನುವವರದ್ದೂ ನ್ಯಾಯವೇ, ಮಳೆಗಾಲದಲ್ಲಿ ಆ ಕೆಸರು ನನಗೆ ಗೊತ್ತಿಲ್ಲವೇ? ಆದರೆ ಸಂಜೆ ನಾಲ್ಕು ಜನ ಸೇರಲು ಒಂದು ಸೂರು ಬೇಕು. ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ಹೇಳಿ. ಕುರ್ಚಿ, ಪೇಪರ್ ಚಂದಾ ಎರಡೂ ನನ್ನ ಲೆಕ್ಕಕ್ಕೆ ಇರಲಿ. ಪಕ್ಕದ ಮನೆ ಚಿಕ್ಕಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಮಾತಿಗೆ ಜನ ಕಿವಿ ಕೊಡುತ್ತಾರೆ.

ಅಮ್ಮಾ, ವಿಟಮಿನ್ ಡಿ ಮಾತ್ರೆ ತಪ್ಪಿಸುತ್ತಿಲ್ಲ. ಇಲ್ಲಿಯವರು ಚಳಿಗಾಲ ಪೂರ್ತಿ ಮೀನೆಣ್ಣೆ ಕುಡಿಯುತ್ತಾರೆ, ನನಗೆ ಮಾತ್ರೆ ಸಾಕು. ನಿನ್ನ ಮಂಡಿ ನೋವು ಹೇಗಿದೆ? ಬೆಳಿಗ್ಗೆ ಅಂಗಳದ ಬಿಸಿಲಲ್ಲಿ ಸ್ವಲ್ಪ ಹೊತ್ತು ಕೂತುಕೋ, ಕೆಲಸ ಎಲ್ಲೂ ಓಡಿಹೋಗುವುದಿಲ್ಲ.

ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಮೇಲೆ ನಮಗೂ ನಿಮಗೂ ಮೂರೂವರೆ ಗಂಟೆಯ ವ್ಯತ್ಯಾಸ ಅಷ್ಟೇ. ನಿಮ್ಮ ಊಟ ಮುಗಿಯುವ ಹೊತ್ತಿಗೆ ನಾನೇ ಫೋನ್ ಮಾಡುತ್ತೇನೆ. ಗ್ರಾಮಸಭೆಯ ತಾರೀಕು ಗೊತ್ತಾದ ಕೂಡಲೇ ತಿಳಿಸಿ.

ನಿಮ್ಮ ಪ್ರೀತಿಯ ಮಗ