ಕಾರ್ಬುರೇಟರ್ ಕೆಲಸದ ನಂತರ ಶುರುವಾದ ಪಿಂಗಿಂಗ್: ವರ್ಕ್‌ಶಾಪ್‌ಗೆ ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ವಾಹನ ದುರಸ್ತಿ ವಿಭಾಗ

ವಿಷಯ: ಪಿಕಪ್ ಟ್ರಕ್ಕಿನ ಎಂಜಿನ್ ಸದ್ದಿಗೆ ಸರಿಯಾದ ತಪಾಸಣೆಯಿಲ್ಲದೆ ಓವರ್‌ಹಾಲ್ ಸೂಚಿಸಿದ ಬಗ್ಗೆ

ಮಾನ್ಯರೇ,

ನನ್ನ ಹಳೆಯ ಪಿಕಪ್ ಟ್ರಕ್ಕನ್ನು ನಿಮ್ಮಲ್ಲಿಗೆ ತಂದದ್ದು ಒಂದೇ ಕೆಲಸಕ್ಕೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್‌ನಿಂದ ಪೆಟ್ರೋಲ್ ಜಿನುಗುತ್ತಿತ್ತು. ಅದು ನಿಂತಿದೆ, ತಕರಾರಿಲ್ಲ. ಆದರೆ ಗಾಡಿ ಬಿಡಿಸಿಕೊಂಡು ಹೋಗುವ ದಾರಿಯಲ್ಲೇ, ಏರಿನಲ್ಲಿ, ತಗಡಿನ ಡಬ್ಬಿಗೆ ಮೊಳೆ ಹಾಕಿ ಅಲ್ಲಾಡಿಸಿದಂಥ ಸದ್ದು, ಅಂದರೆ ಪಿಂಗಿಂಗ್, ಶುರುವಾಯಿತು. ಆಕ್ಸಲರೇಟರ್ ಅರ್ಧ ಒತ್ತಿದಾಗ ಹೆಚ್ಚು, ಪೂರ್ತಿ ಒತ್ತಿದರೆ ಕಡಿಮೆ, ಕಾಲು ತೆಗೆದರೆ ಮಾಯ. ಎಂಜಿನ್ ತಣ್ಣಗಿದ್ದಾಗ ಅದೇ ಏರಿನಲ್ಲಿ ಸದ್ದೇ ಇಲ್ಲ. ಇಷ್ಟನ್ನೂ ನಿಮ್ಮ ಕೌಂಟರಿನಲ್ಲಿ ಬಿಡಿಸಿ ಹೇಳಿದೆ. ಜಾಬ್ ಕಾರ್ಡಿನಲ್ಲಿ ಬರೆದುಕೊಂಡದ್ದು ‘ಎಂಜಿನ್ ಸೌಂಡ್’ ಎಂಬ ಎರಡು ಪದ.

ಮೊದಲ ಸಲ ಪೆಟ್ರೋಲ್ ಸರಿಯಿಲ್ಲ ಎಂದರು. ಹೆಚ್ಚು ಆಕ್ಟೇನಿನ ಪೆಟ್ರೋಲ್ ಎರಡು ಟ್ಯಾಂಕ್ ಸುಟ್ಟೆ. ಸದ್ದು ತುಸು ಇಳಿಯಿತು, ಹೋಗಲಿಲ್ಲ. ಇಳಿಯಲೇಬೇಕು: ಪ್ಲಗ್ಗಿನ ಉರಿ ತಲುಪುವ ಮೊದಲೇ ಪೆಟ್ರೋಲ್-ಗಾಳಿಯ ಮಿಶ್ರಣ ತಾನಾಗಿ ಸಿಡಿದು ಈ ಸದ್ದು ಮಾಡುವುದನ್ನು ಆಕ್ಟೇನ್ ತಡೆಯುತ್ತದೆ. ಹಾಗೆ ಸಿಡಿಯುವಂತೆ ಮಾಡಿದ್ದೇನು ಎಂಬ ಪ್ರಶ್ನೆ ಹಾಗೇ ಉಳಿಯಿತು. ನಿಮ್ಮಲ್ಲಿಗೆ ಬರುವ ಮುಂಚೆ ಇದೇ ಗಾಡಿ ಮಾಮೂಲಿ ಪೆಟ್ರೋಲಿನಲ್ಲೇ ಅದೇ ಏರು ಹತ್ತುತ್ತಿತ್ತಲ್ಲ?

ಎರಡನೇ ಸಲ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಹಿಂದೆ ತಳ್ಳಿದರು, ಅಂದರೆ ಕಿಡಿ ತಡವಾಗಿ ಹಾರುವಂತೆ ಮಾಡಿದರು. ಅದನ್ನು ಅಳೆಯುವ ಟೈಮಿಂಗ್ ಲೈಟ್ ಪೆಟ್ಟಿಗೆಯಿಂದ ಹೊರಬರಲೇ ಇಲ್ಲ, ಎಲ್ಲವೂ ಕಿವಿಯ ಲೆಕ್ಕ. ಬಾನೆಟ್ ಕೆಳಗಿನ ಚೀಟಿಯಲ್ಲಿ ಟಿಡಿಸಿಗೆ (ಪಿಸ್ಟನ್ ತುತ್ತತುದಿ ಮುಟ್ಟುವ ಬಿಂದುವಿಗೆ) 8 ಡಿಗ್ರಿ ಮೊದಲು ಎಂದು ಅಚ್ಚಾಗಿದೆ. ಆಮೇಲೆ ನಾನೇ, ಟೈಮಿಂಗನ್ನು ಮುಂದೆ ತಳ್ಳುವ ಅಡ್ವಾನ್ಸಿನ ವ್ಯಾಕ್ಯೂಮ್ ಪೈಪ್ ಕಳಚಿ, ಪೈಪಿನ ಬಾಯಿ ಮುಚ್ಚಿ, ಲೈಟ್ ಹಿಡಿದು ನೋಡಿದೆ: 1 ಡಿಗ್ರಿ! ಪಿಕಪ್ ಗಾಡಿಗೆ ಪಿಕಪ್ಪೇ ಇಲ್ಲದಂತಾಯಿತು, ಟೆಂಪರೇಚರ್ ಮುಳ್ಳೂ ಮೇಲೇರಿತು. ನೆಗಡಿಗೆ ಮೂಗು ಕೊಯ್ದರೂ ಸೀನು ನಿಲ್ಲಲಿಲ್ಲ.

ಮೂರನೇ ಸಲ ಬಂದ ತೀರ್ಪು: ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ, ಎಂಜಿನ್ ಇಳಿಸಿ ಓವರ್‌ಹಾಲ್ ಮಾಡಬೇಕು. ಬೇರಿಂಗಿನ ಸದ್ದು ದಪ್ಪ, ಕೆಳಗಿನಿಂದ ಗುದ್ದಿದ ಹಾಗೆ ಬರುತ್ತದೆ. ಆಯಿಲ್ ಬಿಸಿಯಾದ ಮೇಲೆ ಪ್ರೆಷರ್ ಕೂಡ ಸಾಮಾನ್ಯವಾಗಿ ಬೀಳುತ್ತದೆ. ನನ್ನ ಗಾಡಿಯ ಆಯಿಲ್ ಪ್ರೆಷರ್ ಮುಳ್ಳು ಎಂದಿನ ಜಾಗದಲ್ಲೇ ಇದೆ. ಅದನ್ನು ಯಾರೂ ನೋಡಲಿಲ್ಲ, ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಷನ್, ಅಳೆಯಲಿಲ್ಲ, ಒಂದು ಪ್ಲಗ್ ಕೂಡ ಬಿಚ್ಚಲಿಲ್ಲ.

ಹಾಗಾಗಿ ನಾನೇ ಬಿಚ್ಚಿದೆ. ಎಲ್ಲ ಪ್ಲಗ್ಗುಗಳ ಪಿಂಗಾಣಿ ಅತಿ ತಾಪಕ್ಕೆ ಬಿಳುಚಿಕೊಂಡಿತ್ತು. ಎರಡರ ಮೇಲೆ ಸಾಸಿವೆಗಿಂತ ಸಣ್ಣ, ಹೊಳೆಯುವ ಬೂದು ಚುಕ್ಕೆಗಳು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ ಎಂದು ನಿಮಗೆ ಹೇಳಬೇಕಾಗಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ.

ಮರುದಿನ ಕಾರ್ಬುರೇಟರ್ ಸುತ್ತಲಿನ ಪೈಪುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಂಬಾಲಿಸಿದೆ. ಇಜಿಆರ್ ವಾಲ್ವಿಗೆ ಹೋಗುವ ವ್ಯಾಕ್ಯೂಮ್ ಪೈಪ್ ಕಳಚಿ, ಅದರ ಬಾಯಿಗೆ ತಿರುಪು ಜಡಿದಿತ್ತು. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಬಿಟ್ಟು ಉರಿಯ ತಾಪ ತಗ್ಗಿಸುವುದೇ ಆ ವಾಲ್ವಿನ ಕೆಲಸ. ಎಂಜಿನ್ ಬಿಸಿಯಾದ ಮೇಲೆ, ಅರ್ಧ ಥ್ರಾಟಲ್ಲಿನಲ್ಲೇ ಅದು ತೆರೆಯುವುದು. ನಾನು ಕೌಂಟರಿನಲ್ಲಿ ಹೇಳಿದ್ದೂ ಅದನ್ನೇ ಅಲ್ಲವೇ? ಕೈ ಪಂಪಿನಿಂದ ವಾಲ್ವಿಗೆ ವ್ಯಾಕ್ಯೂಮ್ ಕೊಟ್ಟಾಗ ಐಡ್ಲಿಂಗಿನಲ್ಲಿದ್ದ ಎಂಜಿನ್ ಮುಗ್ಗರಿಸಿ ನಿಂತಿತು. ಅಂದರೆ ವಾಲ್ವೂ ಸರಿಯಿದೆ, ದಾರಿಯೂ ಕಟ್ಟಿಲ್ಲ. ಫೋನಿನಲ್ಲಿ ಕೇಳಿದರೆ ನಿಮ್ಮ ಮೆಕ್ಯಾನಿಕ್ ಉತ್ತರ: ‘ಅದಿಲ್ಲದಿದ್ರೂ ಓಡುತ್ತೆ ಸಾರ್.’ ಓಡುತ್ತೆ, ಪಿಸ್ಟನ್ ಇರುವವರೆಗೆ.

ಪೈಪ್ ಸೇರಿಸಿ, ಟೈಮಿಂಗನ್ನು 8ಕ್ಕೆ ತಂದ ಮೇಲೆ ಏರಿನ ಸದ್ದು ಮುಕ್ಕಾಲು ಪಾಲು ಹೋಗಿದೆ. ಉಳಿದದ್ದಕ್ಕೆ ನನ್ನ ಅನುಮಾನ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಮೇಲೆ. ಅಲ್ಲಿ ಕ್ಲೀನರ್ ಸ್ಪ್ರೇ ಹೊಡೆದರೆ ಐಡ್ಲಿಂಗ್ ಏರುತ್ತದೆ. ಅಂದರೆ ಗಾಳಿ ನುಸುಳಿ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗುತ್ತಿದೆ, ತೆಳು ಮಿಶ್ರಣದಿಂದಲೂ ಈ ಸದ್ದು ಬರುತ್ತದೆ. ನಿಮ್ಮ ಬಿಲ್ಲಿನಲ್ಲಿ ‘ಹೊಸ ಗ್ಯಾಸ್ಕೆಟ್’ ಎಂದಿದೆ, ಗಾಡಿಯಲ್ಲಿರುವುದು ಹಳೆಯದೇ. (ಏರ್ ಕ್ಲೀನರಿನ ವಿಂಗ್ ನಟ್ ಕೂಡ ಕಾಣೆ. ಒಂದು ತಿರುಪು ಕೊಟ್ಟು ಒಂದು ನಟ್ ಇಟ್ಟುಕೊಂಡರೆ ಲೆಕ್ಕ ಚುಕ್ತಾ ಎಂದುಕೊಂಡಿರೋ ಏನೋ.)

ನಾನು ಕೇಳುವುದಿಷ್ಟು. ಗ್ಯಾಸ್ಕೆಟನ್ನು ನಿಮ್ಮ ಖರ್ಚಿನಲ್ಲಿ, ನನ್ನೆದುರಿಗೇ ಬದಲಿಸಿ. ಎಲ್ಲ ಸಿಲಿಂಡರುಗಳ ಕಂಪ್ರೆಷನ್ ಅಳೆದು ಅಂಕಿಗಳನ್ನು ಬರೆದು ಕೊಡಿ. ಪಿಸ್ಟನ್ನಿಗೆ ಹಾನಿ ಕಂಡರೆ ರಿಪೇರಿಯ ಹೊಣೆ ನಿಮ್ಮದು. ಎರಡನೇ ಮತ್ತು ಮೂರನೇ ಭೇಟಿಗೆ ಪಡೆದ ಮಜೂರಿ ವಾಪಸ್ ಕೊಡಿ. ಪೈಪಿಗೆ ತಿರುಪು ಜಡಿದದ್ದು ಯಾರು, ಏಕೆ ಎಂದು ಲಿಖಿತವಾಗಿ ತಿಳಿಸಿ.

ಪ್ಲಗ್ಗುಗಳು, ಆ ತಿರುಪು ಮತ್ತು ಫೋಟೋಗಳು ನನ್ನ ಬಳಿ ಭದ್ರವಾಗಿವೆ. 15 ದಿನಗಳೊಳಗೆ ಉತ್ತರ ಬಾರದಿದ್ದರೆ ಅವುಗಳ ಸಮೇತ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿಯವರೆಗೆ ಗಾಡಿಗೆ ಲೋಡ್ ಹಾಕುವುದಿಲ್ಲ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಮೂರು ಬಿಲ್ಲುಗಳ ಪ್ರತಿ, ಪ್ಲಗ್ಗುಗಳ ಫೋಟೋ, ತಿರುಪು ಜಡಿದ ಪೈಪಿನ ಫೋಟೋ