ಮದುವೆ ಮನೆಯ ಫಲಕಗಳ ಅಳತೆ: ಗೆಳೆಯನಿಗೊಂದು ಪತ್ರ

ಕಾರವಾರ

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ಮಗಳ ಮದುವೆ ನಿಶ್ಚಯವಾಯಿತೆಂದು ನೀನು ಫೋನಿನಲ್ಲಿ ಹೇಳಿದ ದಿನದಿಂದ ನಮ್ಮ ಮನೆಯಲ್ಲಿಯೂ ಅದೇ ಮಾತು ನಡೆದಿದೆ. ನಿನ್ನೆ ರಾತ್ರಿ ನೀನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಫಲಕಗಳ ವಿನ್ಯಾಸವನ್ನು ಮೂರು ಸಲ ನೋಡಿದೆ. ಬಣ್ಣಗಳು ಒಪ್ಪುತ್ತವೆ, ಬಾಳೆಕಂಬದ ಚಿತ್ರವೂ ಚೆನ್ನಾಗಿದೆ. ಆದರೆ ನೀನು ಕೇಳಿದ್ದು ಅಳತೆ ಸರಿಯಾಗಿದೆಯೇ ಎಂದು. ಸರಿಯಾಗಿಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದಿತ್ತು. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಮೊದಲು ತಗಡಿನ ಮೇಲೆ ಕುಂಚದಿಂದ, ಆಮೇಲೆ ಯಂತ್ರದಿಂದ ಬೋರ್ಡು ಬರೆದುಕೊಂಡು ಬಂದವನಾದ್ದರಿಂದ ಕಾರಣಗಳನ್ನೂ ವಿವರವಾಗಿ ಬರೆಯದೆ ಇರಲು ಮನಸ್ಸು ಒಪ್ಪಲಿಲ್ಲ.

ಅಂಗಡಿಯವರು ಕೊಟ್ಟ ಪಟ್ಟಿಯ ಪ್ರಕಾರ ಸ್ವಾಗತ ಫಲಕ 10 ಅಡಿಗೆ 8 ಅಡಿ, ದಾರಿ ತೋರಿಸುವ ಫಲಕಗಳು ಒಂದೂವರೆ ಅಡಿಗೆ ಒಂದು ಅಡಿ. ನನ್ನನ್ನು ಕೇಳಿದರೆ ಹಿರಿದಾಗಬೇಕಾದದ್ದು ಕಿರಿದಾಗಿದೆ, ಕಿರಿದಾಗಬೇಕಾದದ್ದು ಹಿರಿದಾಗಿದೆ. ಇದಕ್ಕೆ ಅವರನ್ನು ದೂರುವುದೂ ಸರಿಯಲ್ಲ. ಫೋನಿನ ಪರದೆಯಲ್ಲಿ ಎಲ್ಲ ಫಲಕಗಳೂ ಅಂಗೈ ಅಗಲದಲ್ಲಿಯೇ ಕಾಣುತ್ತವೆ, ಎಲ್ಲವನ್ನೂ ನಾವು ಒಂದು ಅಡಿ ದೂರದಿಂದಲೇ ಓದುತ್ತೇವೆ. ಮದುವೆಯ ದಿನ ಯಾರೂ ಅವುಗಳನ್ನು ಒಂದು ಅಡಿ ದೂರದಿಂದ ಓದುವುದಿಲ್ಲ. ಆದ್ದರಿಂದ ಮೊದಲು ಓದುವವನು ಎಲ್ಲಿ ನಿಂತಿರುತ್ತಾನೆ ಎಂಬುದನ್ನು ನೋಡಬೇಕು, ಅದರಿಂದ ಅಕ್ಷರದ ಎತ್ತರವನ್ನು ತೀರ್ಮಾನಿಸಬೇಕು, ಅಕ್ಷರಗಳನ್ನು ಎಣಿಸಿದ ಮೇಲೆ ಫಲಕದ ಉದ್ದಗಲ ತಾನಾಗಿ ಬರುತ್ತದೆ. ಫಲಕದಿಂದ ಹೊರಟು ಅಕ್ಷರಕ್ಕೆ ಬಂದರೆ ಅಕ್ಷರಕ್ಕೆ ಉಳಿದಷ್ಟೇ ಜಾಗ ಸಿಗುತ್ತದೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ನನ್ನ ತಂಗಿಯ ಮಗಳ ಮದುವೆ ಅಂಕೋಲೆಯ ಹತ್ತಿರದ ಒಂದು ಊರಿನಲ್ಲಿ ನಡೆದಾಗ ಎಲ್ಲ ಬೋರ್ಡುಗಳನ್ನೂ ನಾನೇ ಮಾಡಿಕೊಟ್ಟಿದ್ದೆ. ಚಪ್ಪರದ ಬಾಗಿಲಿನ ಫಲಕಕ್ಕೆ ಮೂರು ದಿನ ಕೂತು ಕೆಲಸ ಮಾಡಿದೆ. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಮಾತ್ರ ಎ3 ಕಾಗದದಷ್ಟು, ಅಂದರೆ ಹೆಚ್ಚು ಕಡಿಮೆ 12 ಇಂಚಿಗೆ 16 ಇಂಚಿನ ಒಂದು ರಟ್ಟನ್ನು ಕಂಬಕ್ಕೆ ಕಟ್ಟಿದ್ದೆ. ಅದರಲ್ಲಿ ವಧೂವರರ ಹೆಸರು, ಗಣಪತಿಯ ಚಿತ್ರ, ಮನೆತನದ ಹೆಸರು, ಅದರ ಕೆಳಗೆ ಒಂದು ಚಿಕ್ಕ ಬಾಣದ ಗುರುತು. ದಿಬ್ಬಣದ ಬಸ್ಸು ಆ ತಿರುವನ್ನು ದಾಟಿ ಹೋಯಿತು. ಎಷ್ಟೋ ದೂರ ಹೋದ ಮೇಲೆ ಯಾರೋ ಫೋನು ಮಾಡಿ, ತಿರುಗಿಸಿಕೊಂಡು ಬರುವಷ್ಟರಲ್ಲಿ ಮುಹೂರ್ತ ಸಮೀಪಿಸಿತ್ತು. ನನ್ನ ತಂಗಿ ದಿಬ್ಬಣವನ್ನು ಎದುರುಗೊಳ್ಳಲು ಕಲಶ ಹಿಡಿದು ಬಿಸಿಲಿನಲ್ಲಿ ನಿಂತೇ ಇದ್ದಳು. ಆ ಮುಖವನ್ನು ನಾನು ಈಗಲೂ ಮರೆತಿಲ್ಲ. ನಿನ್ನ ಮನೆಯ ಕಾರ್ಯದಲ್ಲಿ ಅದು ಆಗಬಾರದು.

ಕಣ್ಣಿನ ಡಾಕ್ಟರ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದ ಅಕ್ಷರಪಟವನ್ನು ನೀನು ನೋಡಿದ್ದೀಯೆ. 1862ರಲ್ಲಿ ಸ್ನೆಲೆನ್ ಎಂಬ ನೇತ್ರವೈದ್ಯರು ರೂಪಿಸಿದ ಆ ಪಟದಲ್ಲಿ, ಒಳ್ಳೆಯ ದೃಷ್ಟಿಯುಳ್ಳವರು 6 ಮೀಟರ್ ದೂರದಿಂದ ಓದಬೇಕಾದ ಸಾಲಿನ ಅಕ್ಷರದ ಎತ್ತರ ಸುಮಾರು 9 ಮಿಲಿಮೀಟರ್. ಅದೇ ಲೆಕ್ಕವನ್ನು ಮುಂದುವರಿಸಿದರೆ 1 ಇಂಚು ಎತ್ತರದ ಅಕ್ಷರವನ್ನು ಹೆಚ್ಚೆಂದರೆ 55 ಅಡಿಯ ಆಚೀಚೆಯಿಂದ ಓದಬಹುದು, ಅದೂ ಕಣ್ಣು ಚೆನ್ನಾಗಿದ್ದು, ಬೆಳಕು ಸರಿಯಾಗಿದ್ದು, ನಿಂತು ಓದಿದರೆ ಮಾತ್ರ. ದೃಷ್ಟಿ ಅದರ ಅರ್ಧಕ್ಕೆ ಇಳಿದವರಿಗೆ ದೂರವೂ ಅರ್ಧವಾಗುತ್ತದೆ. ಮದುವೆಗೆ ಬರುವವರಲ್ಲಿ ಹಿರಿಯರೇ ಹೆಚ್ಚು, ಅವರ ಕೈಯಲ್ಲಿ ಚೀಲ, ಜೊತೆಯಲ್ಲಿ ಮೊಮ್ಮಕ್ಕಳು. ಆದ್ದರಿಂದ ಬೋರ್ಡು ಬರೆಯುವವರು 10 ಅಡಿ ದೂರಕ್ಕೆ 1 ಇಂಚು ಅಕ್ಷರ ಎಂಬ ಅಳತೆಯನ್ನು ಇಟ್ಟುಕೊಂಡಿರುತ್ತಾರೆ. 20 ಅಡಿಯಿಂದ ಓದುವುದಾದರೆ 2 ಇಂಚು, 50 ಅಡಿಯಿಂದ ಓದುವುದಾದರೆ 5 ಇಂಚು.

ನಮ್ಮ ಕನ್ನಡದ ಅಕ್ಷರಗಳಿಗೆ ಈ ವಿಷಯದಲ್ಲಿ ಇನ್ನೂ ಸ್ವಲ್ಪ ಉದಾರವಾಗಿರಬೇಕು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ‘ಪ’ಕ್ಕೂ ‘ಷ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೆರೆ, ದೂರ ಹೆಚ್ಚಿದಂತೆ ಮೊದಲು ಮಾಯವಾಗುವುದು ಇವೇ. ಅದಕ್ಕಿಂತ ಮುಖ್ಯವಾದದ್ದು ಒತ್ತಕ್ಷರ. ‘6 ಇಂಚಿನ ಅಕ್ಷರ ಹಾಕಿ’ ಎಂದು ನೀನು ಹೇಳಿದರೆ ಅಂಗಡಿಯ ಹುಡುಗ ಮೇಲಿನ ಗುಡಿಸಿನಿಂದ ಕೆಳಗಿನ ಒತ್ತಿನ ತುದಿಯವರೆಗೆ 6 ಇಂಚು ಇಡುತ್ತಾನೆ. ಆಗ ‘ಸ್ವಾಗತ’ದ ಮೂಲ ಅಕ್ಷರಕ್ಕೆ 4 ಇಂಚಿನಷ್ಟೇ ಉಳಿಯಬಹುದು. ಅಳತೆ ಹೇಳುವಾಗ ಒತ್ತಿಲ್ಲದ ‘ಗ’ ಅಥವಾ ‘ತ’ ಅಕ್ಷರ ಇಷ್ಟು ಇಂಚು ಇರಬೇಕೆಂದು ಸ್ಪಷ್ಟವಾಗಿ ಹೇಳು. ಒತ್ತಿಗೆ ಬೇಕಾದ ಜಾಗವನ್ನು ಸಾಲುಗಳ ನಡುವೆ ಬೇರೆಯಾಗಿ ಬಿಡಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ಮುಟ್ಟುತ್ತದೆ. ಮುದ್ರಣಕ್ಕೆ ಹೋಗುವ ಮೊದಲು ಒತ್ತುಗಳು ಬಿಡಿಸಿಕೊಂಡಿಲ್ಲವೇ ಎಂದು ನೀನೇ ನೋಡು. ವಿನ್ಯಾಸ ಮಾಡುವ ಕೆಲವು ತಂತ್ರಾಂಶಗಳಲ್ಲಿ ‘ಲಕ್ಷ್ಮಿ’ ಎಂಬ ಹೆಸರು ಚೂರುಚೂರಾಗಿ ಬರುವುದನ್ನು ನಾನು ಎಷ್ಟೋ ಸಲ ತಿದ್ದಿದ್ದೇನೆ.

ಈಗ ದಾರಿಯ ಫಲಕಕ್ಕೆ ಬರುತ್ತೇನೆ. ಗಂಡಿನ ಕಡೆಯವರು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬರುತ್ತಾರೆ. ಶಿರಸಿಯ ರಸ್ತೆಯಿಂದ ನಿಮ್ಮ ಊರಿಗೆ ಒಳಗೆ ತಿರುಗುವ ಜಾಗ ಬಿದಿರು ಮೆಳೆಯ ಮರೆಯಲ್ಲಿದೆ, ನಿಮ್ಮ ಮನೆಗೆ ಎಷ್ಟೋ ಸಲ ಬಂದ ನನಗೂ ಅದು ಕೊನೆಯ ಗಳಿಗೆಯಲ್ಲಿಯೇ ಕಾಣುವುದು. ಬಸ್ಸು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 36 ಅಡಿ ಮುಂದೆ ಸಾಗಿರುತ್ತದೆ. ಚಾಲಕನಿಗೆ ಫಲಕವನ್ನು ಕಂಡು, ಓದಿ, ವೇಗ ತಗ್ಗಿಸಲು 4 ಸೆಕೆಂಡಾದರೂ ಬೇಕು, ಅಂದರೆ ಸುಮಾರು 150 ಅಡಿ ದೂರದಿಂದಲೇ ಅದು ಅವನಿಗೆ ತಿಳಿಯಬೇಕು. 10 ಅಡಿಗೆ 1 ಇಂಚಿನ ಲೆಕ್ಕ ಇಲ್ಲಿ ನಡೆಯದು, 15 ಇಂಚಿನ ಅಕ್ಷರ ಬರೆಯಬೇಕಾದೀತು. ಮಾತು ಎರಡೇ ಇದ್ದರೆ, ಅಕ್ಷರ ದಪ್ಪವಾಗಿದ್ದು ಬಣ್ಣ ಎದ್ದು ಕಾಣುವಂತಿದ್ದರೆ 25 ಅಡಿಗೆ 1 ಇಂಚು ಸಾಕಾಗುತ್ತದೆ, ಹಾಗಾಗಿ 6 ಇಂಚು. ಆ ಎರಡು ಮಾತು ‘ಮದುವೆ ಮನೆ’. ಹೆಸರು ಬೇಡ, ಗಣಪತಿ ಬೇಡ. ಆ ದಿನ ಆ ದಾರಿಯಲ್ಲಿ ಬೇರೆ ಮದುವೆಯೂ ಇದ್ದರೆ ಮಾತ್ರ ನಿಮ್ಮ ಊರಿನ ಹೆಸರನ್ನು ಸೇರಿಸು. ಐದು ಅಕ್ಷರ, ನಡುವೆ ಒಂದು ತೆರಪು; ಕನ್ನಡದ ಅಕ್ಷರ ಎತ್ತರದಷ್ಟೇ ಅಗಲವನ್ನೂ ಬೇಡುವುದರಿಂದ ಇದಕ್ಕೆ 40 ಇಂಚಿನ ಮೇಲೆ ಬೇಕು, ಎರಡು ಬದಿಗೂ ಖಾಲಿ ಅಂಚು ಬಿಟ್ಟರೆ 5 ಅಡಿ ಉದ್ದ. ಕೆಳಗೆ 8 ಇಂಚಿನ ದಪ್ಪ ಬಾಣ, ಒಟ್ಟು ಎತ್ತರ 2 ಅಡಿ. ಹೀಗೆ 5 ಅಡಿಗೆ 2 ಅಡಿಯ ಫಲಕಗಳು ಎರಡಿರಲಿ: ತಿರುವಿಗೆ 200 ಅಡಿ ಮೊದಲು ಒಂದು, ತಿರುವಿನಲ್ಲಿಯೇ ಒಂದು. ನೆಲದಿಂದ 6 ಅಡಿಯ ಮೇಲೆ ಕಟ್ಟಿಸು, ಮರಕ್ಕೆ ಮೊಳೆ ಹೊಡೆಯಬೇಡ. ಎರಡು ಗಳ ನೆಟ್ಟು ಅಡಿಕೆ ದಬ್ಬೆಯ ಚೌಕಟ್ಟಿಗೆ ಬಿಗಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಕೆನೆ ಬಣ್ಣದ ಮೇಲೆ ಚಿನ್ನದ ಅಕ್ಷರ ಲಗ್ನಪತ್ರಿಕೆಗೆ ಶೋಭೆ, ರಸ್ತೆಗಲ್ಲ. ಹಳದಿಯ ಮೇಲೆ ಕಡು ಕೆಂಪು ಅಥವಾ ಕಪ್ಪು ಇರಲಿ.

ಗಂಡಿನ ಮನೆಯ ಕೆಲವು ಹಿರಿಯರು ಗೋವೆಯ ಕಡೆಯವರು, ದೇವನಾಗರಿಯನ್ನೇ ಓದುವವರು ಎಂದು ನೀನು ಹೇಳಿದ್ದೆ. ಅವರಿಗಾಗಿ ಒಂದೇ ಫಲಕದಲ್ಲಿ ಎರಡು ಲಿಪಿ ಸೇರಿಸಿದರೆ ಎರಡೂ ಅರ್ಧಕ್ಕೆ ಕುಗ್ಗುತ್ತವೆ. ಅವರಿಗೊಂದು ಪ್ರತ್ಯೇಕ ಫಲಕ ಮಾಡಿಸು.

ಸ್ವಾಗತ ಫಲಕದ 10 ಅಡಿಗೆ 8 ಅಡಿಯನ್ನು ಮಾತ್ರ ದಯವಿಟ್ಟು ಕೈಬಿಡು. ನಿಮ್ಮ ದಣಪೆಯ, ಅಂದರೆ ಅಂಗಳಕ್ಕೆ ಬರುವ ಹೊರಬಾಗಿಲಿನ, ಬಳಿ ಇರುವ ಜಾಗವೇ ಕಿರಿದು. ದಿಬ್ಬಣ ಬಂದಾಗ ಅಲ್ಲಿಯೇ ಪಂಚವಾದ್ಯದವರು ನಿಲ್ಲಬೇಕು, ಅಲ್ಲಿಯೇ ಎದುರುಗೊಳ್ಳುವ ಶಾಸ್ತ್ರ ನಡೆಯಬೇಕು. ಅಷ್ಟು ದೊಡ್ಡ ಫಲಕ ಅತಿಥಿಗಳಿಗೂ ನಿಮಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಇನ್ನೊಂದು ಕಾರಣ ಗಾಳಿ. ಇಲ್ಲಿ ಕಡಲ ದಂಡೆಯಲ್ಲಿ ಮಧ್ಯಾಹ್ನದ ಗಾಳಿಗೆ ಬೋರ್ಡು ಹಾಯಿಯಂತೆ ಉಬ್ಬುವುದನ್ನು ನಾವು ದಿನವೂ ನೋಡುತ್ತೇವೆ; ನಿಮ್ಮಲ್ಲಿ ವೈಶಾಖದ ಸಂಜೆ ಗುಡುಗು ಮಳೆಗೆ ಮೊದಲು ಬೀಸುವ ಗಾಳಿ ಅದಕ್ಕಿಂತ ಕಡಿಮೆಯದಲ್ಲ. 80 ಚದರಡಿಯ ಫಲಕದ ಮೇಲೆ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬೀಸಿದರೆ 60ರಿಂದ 70 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ, ಒಬ್ಬ ಆಳು ಅದಕ್ಕೆ ಒರಗಿ ನಿಂತ ಹಾಗೆ. ಅದರ ಕೆಳಗೆ ಮಕ್ಕಳು ಓಡಾಡುತ್ತಿರುತ್ತಾರೆ. ಉದ್ದಗಲ ಎರಡನ್ನೂ ಇಮ್ಮಡಿ ಮಾಡಿದರೆ ಚದರಡಿ ನಾಲ್ಮಡಿಯಾಗುತ್ತದೆ, ಗಾಳಿಯ ಹೊಡೆತವೂ ನಾಲ್ಮಡಿ, ಚದರಡಿಯ ಲೆಕ್ಕದಲ್ಲಿ ದುಡ್ಡು ಕೊಡುವುದರಿಂದ ಖರ್ಚೂ ನಾಲ್ಮಡಿ.

ನಿನಗೆ ಬೇಕಾದದ್ದು 6 ಅಡಿಗೆ 4 ಅಡಿ. ಗಾಡಿಗಳನ್ನು ನಿಲ್ಲಿಸುವ ಗದ್ದೆಯಿಂದ ದಣಪೆಗೆ ಸುಮಾರು 50 ಅಡಿ ಇರಬಹುದೆಂದು ನನ್ನ ನೆನಪು; ಹಾಗಾದರೆ ಹೆಸರುಗಳಿಗೆ 5 ಇಂಚು. ವಧೂವರರ ಹೆಸರುಗಳು ನಾಲ್ಕು ನಾಲ್ಕು ಅಕ್ಷರದವು, ಎರಡೂ ಒಂದೇ ಸಾಲಿನಲ್ಲಿ 50 ಇಂಚಿನೊಳಗೆ ಕೂರುತ್ತವೆ, ಎರಡು ಬದಿಗೂ ಮುಕ್ಕಾಲು ಅಡಿಗಿಂತ ಹೆಚ್ಚು ಅಂಚು ಉಳಿಯುತ್ತದೆ. ಮೇಲೆ ‘ಸ್ವಾಗತ’, ನಡುವೆ ಹೆಸರುಗಳು, ಅಷ್ಟೇ ಸಾಕು. ‘ಚಿ. ರಾ.’, ‘ಚಿ. ಕುಂ. ಸೌ.’, ತಂದೆ ತಾಯಿಯರ ಹೆಸರು, ಮುಹೂರ್ತದ ಹೊತ್ತು ಇವೆಲ್ಲ ಪತ್ರಿಕೆಯಲ್ಲಿ ಬಂದಿವೆ. ದಣಪೆಯವರೆಗೆ ಬಂದವರು ಅವುಗಳನ್ನು ಓದಿಯೇ ಬಂದಿದ್ದಾರೆ.

ಬಟ್ಟೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಂಗಡಿಯವರ ಪಟ್ಟಿಯಲ್ಲಿ ಫ್ಲೆಕ್ಸ್ ಎಂದಿದೆ. 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಮತ್ತು ಪ್ಲಾಸ್ಟಿಕ್ ಬ್ಯಾನರುಗಳೂ ಸೇರಿವೆ. ಮದುವೆ ಮುಗಿದ ಮರುದಿನ ಅದು ತೋಟದ ಬೇಲಿಗೋ ಸೌದೆ ರಾಶಿಗೋ ಹೊದಿಕೆಯಾಗಿ, ಚೂರಾಗಿ, ಕೊನೆಗೆ ಹಳ್ಳಕ್ಕೆ ಸೇರುತ್ತದೆ. ಹತ್ತಿ ಬಟ್ಟೆಯ ಮೇಲೆ ಬರೆಸು. ಅದು ಮಿಂಚುವುದಿಲ್ಲವಾದ್ದರಿಂದ ಸಂಜೆಯ ದೀಪದಲ್ಲಿಯೂ ಅಕ್ಷರ ಹೊಳಪಿನಲ್ಲಿ ಮುಚ್ಚಿಹೋಗದು. ಬಟ್ಟೆಯ ಅಗಲ ಅಂಗಡಿಯಲ್ಲಿ ಎಷ್ಟು ಸಿಗುತ್ತದೆಯೋ ಅದನ್ನು ನೋಡಿಕೊಂಡು ಎತ್ತರ ನಿರ್ಧರಿಸಿದರೆ ನಡುವೆ ಹೊಲಿಗೆ ಬರುವುದು ತಪ್ಪುತ್ತದೆ.

ಮಂಟಪದ ಹಿಂದಿನ ಹೆಸರಿನ ಫಲಕದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಅದನ್ನು ನೋಡುವುದು ಮುಖ್ಯವಾಗಿ ಕ್ಯಾಮೆರಾ. ನಿಂತವರ ತಲೆ ಅಕ್ಷರಕ್ಕೆ ಅಡ್ಡ ಬರದಂತೆ ಫಲಕದ ಕೆಳಅಂಚು ಮಂಟಪದ ನೆಲದಿಂದ 7 ಅಡಿ ಮೇಲಿರಲಿ, 4 ಅಡಿಗೆ ಒಂದೂವರೆ ಅಡಿ ಸಾಕು.

ಒಳಗಿನ ಚಿಕ್ಕ ಫಲಕಗಳನ್ನು ಅಂಗಡಿಯಲ್ಲಿ ಮಾಡಿಸಲೇಬೇಡ. ನಿಮ್ಮ ತೋಟದಲ್ಲಿ ಬಿದ್ದ ಒಳ್ಳೆಯ ಅಡಿಕೆ ಹಾಳೆಗಳನ್ನು ಆರಿಸಿ, ನೀರಿನಲ್ಲಿ ನೆನೆಸಿ, ಒಂದು ರಾತ್ರಿ ಕಲ್ಲಿನ ಹೇರಿನಡಿ ಇಟ್ಟರೆ ಚಪ್ಪಟೆಯಾಗುತ್ತವೆ. ಅಂಚು ಕತ್ತರಿಸಿದ ಮೇಲೂ ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿಯಷ್ಟು ಅಗಲ ಉಳಿಯುತ್ತದೆ. ಕಂದು ಹಾಳೆಯ ಮೇಲೆ ಬಿಳಿ ಬಣ್ಣ ಚೆನ್ನಾಗಿ ಎದ್ದು ಕಾಣುತ್ತದೆ. ‘ಕೈ ತೊಳೆಯಲು’ ಎಂಬ ಐದು ಅಕ್ಷರಗಳು 2 ಇಂಚಿನಲ್ಲಿ ಒಂದು ಅಡಿಯ ಆಚೀಚೆ ಬರುತ್ತವೆ, 20 ಅಡಿಯಿಂದ ಓದಬಹುದು. ‘ಬಚ್ಚಲು’, ‘ಶೌಚಾಲಯ’, ‘ಊಟ’ ಎಂಬವಕ್ಕೂ ಇದೇ ಅಳತೆ. ಜನ ತುಂಬಿದಾಗ ತಲೆಗಳ ಮರೆಯಲ್ಲಿ ಅಡಗದಂತೆ ಇವನ್ನು ಎತ್ತರದಲ್ಲಿ ಕಟ್ಟು. ಪದಾರ್ಥಗಳ ಹೆಸರಿನ ಚೀಟಿ ಬೇಕೇ ಎಂದು ಕೇಳಿದ್ದೀಯೆ. ಬಾಳೆಲೆಯಲ್ಲಿ ಪಂಕ್ತಿಗೆ ಬಡಿಸುವ ಊಟಕ್ಕೆ ಅದು ಬೇಡ. ಅಪ್ಪೆಹುಳಿ ಬಂತೆಂದು ಬಡಿಸುವವರೇ ಕೂಗಿ ಹೇಳುತ್ತಾರೆ.

ಅಂಗಡಿಗೆ ಒಪ್ಪಿಗೆ ಹೇಳುವ ಮೊದಲು ಒಂದು ಪರೀಕ್ಷೆ ಮಾಡು. ಹಳೆಯ ಪತ್ರಿಕೆಗಳನ್ನು ಅಂಟಿಸಿ 6 ಅಡಿಗೆ 4 ಅಡಿಯ ಹಾಳೆ ಮಾಡಿ ದಣಪೆಯಲ್ಲಿ ಕಟ್ಟು, ಅದರ ಮೇಲೆ ಬಿಳಿ ಕಾಗದದಲ್ಲಿ 5 ಇಂಚಿನ ‘ದ’, ‘ಧ’, ‘ಪ’, ‘ಷ’ಗಳನ್ನು ಕಪ್ಪು ಬಣ್ಣದಿಂದ ಬರೆದು ಹಚ್ಚು. ಬಳಿಕ ಗದ್ದೆಯಲ್ಲಿ ನಿಂತು ನೀನು ಓದಬೇಡ, ನಿಮ್ಮ ಆಯಿಯಿಂದ ಓದಿಸು. ಅವರು ‘ದ’ ಮತ್ತು ‘ಧ’ಗಳನ್ನು ತಪ್ಪದೆ ಬೇರೆ ಮಾಡಿದರೆ ಅಳತೆ ಸರಿ, ತಡವರಿಸಿದರೆ ಒಂದು ಇಂಚು ಹೆಚ್ಚಿಸು. ನನ್ನ ಲೆಕ್ಕಕ್ಕಿಂತ ಅವರ ಕಣ್ಣನ್ನೇ ನಂಬು.

ಗದ್ದೆಯಿಂದ ದಣಪೆಗೆ, ದಣಪೆಯಿಂದ ಚಪ್ಪರದ ಬಾಗಿಲಿಗೆ ಎಷ್ಟು ಅಡಿ ಎಂದು ಟೇಪು ಹಿಡಿದು ಅಳೆದು ಈ ಭಾನುವಾರದೊಳಗೆ ತಿಳಿಸು. ದಾರಿಯ ಎರಡು ಫಲಕಗಳನ್ನು ನಾನು ಇಲ್ಲಿಯೇ ಬಟ್ಟೆಯ ಮೇಲೆ ಕುಂಚದಿಂದ ಬರೆದು, ಮದುವೆಗೆ ಎರಡು ದಿನ ಮೊದಲೇ ತೆಗೆದುಕೊಂಡು ಬರುತ್ತೇನೆ. ತಿರುವಿನಲ್ಲಿ ನಿಂತು ನಾನೇ ಕಟ್ಟಿಸುತ್ತೇನೆ. ಗಳ ಎರಡು ಜೊತೆ ಕಡಿದಿಡು. ಅತ್ತಿಗೆಯವರಿಗೂ ಆಯಿಗೂ ನಮಸ್ಕಾರ ತಿಳಿಸು, ಮಗಳಿಗೆ ಆಶೀರ್ವಾದಗಳು.

ಇಂತಿ ನಿನ್ನ ಪ್ರೀತಿಯ ಗೆಳೆಯ