ನಾಲ್ಕೂ ಇವತ್ತೇ ಹಚ್ಚಿದ್ರ ಏನಾಗ್ತದ?

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನಕಾಲದಲ್ಲಿ ವಾರಕ್ಕೊಂದು ಮೇಣದಬತ್ತಿ ಹಚ್ಚುತ್ತೇವೆ. ಸಂಡೇ ಸ್ಕೂಲಿನಲ್ಲಿ ಮೊದಲನೆಯದನ್ನು ಹಚ್ಚುವಾಗ ಒಂದು ಮಗು ಕೇಳಿತು: "ನಾಲ್ಕೂ ಇಲ್ಲೇ ಅವ. ಎಲ್ಲಾ ಇವತ್ತೇ ಹಚ್ಚಿದ್ರ ಏನಾಗ್ತದ?" ಮಗು ಹುಟ್ಟಿದ್ದು ಊರಿನಿಂದ ದೂರ, ಇಲ್ಲಿ; ಮಾತು ಮಾತ್ರ ಕಲಬುರಗಿಯ ಅಜ್ಜಿಯದು. ನಮ್ಮ ಸಭೆಯ ಪತ್ರಿಕೆಯ ಸಂಚಿಕೆ ಈ ರಾತ್ರಿಯೇ ಅಚ್ಚಿಗೆ ಹೋಗಬೇಕು. ಆದರೂ ಆ ಮಗುವಿಗೆ ಉತ್ತರ ಕೊಡದೆ ಬೇರೇನೂ ಬರೆಯುವ ಮನಸ್ಸಿಲ್ಲ.

ಉತ್ತರ ಕಲಬುರಗಿಯ ನಮ್ಮ ತೊಗರಿ ಹೊಲದಲ್ಲೇ ಇದೆ. ಮುಂಗಾರಿಗೆ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಹೆಸರು, ತೊಗರಿ ಕೂಡಿಯೇ ಬಿತ್ತುತ್ತಾರೆ. ಹೆಸರು 65-70 ದಿನಕ್ಕೆ ಮನೆ ಸೇರುತ್ತದೆ. ತೊಗರಿಗೆ ಐದಾರು ತಿಂಗಳು ಬೇಕು. ಮೊದಲ ಒಂದೂವರೆ ತಿಂಗಳು ಅದು ಮೇಲಕ್ಕೆ ಏಳುವುದೇ ನಿಧಾನ; ಆಗ ತಾಯಿಬೇರು ಕೆಳಗಿಳಿಯುತ್ತಿರುತ್ತದೆ. ಮಳೆ ನಿಂತು ಹೂವಾಡುವ ಹೊತ್ತಿಗೆ ಎರಿಯ ಆಳದ ತೇವ ಎಳೆದು ಗಿಡವನ್ನು ಉಳಿಸುವುದು ಆ ಬೇರೇ. ರೈತ ಅಷ್ಟು ದಿನ ಕೈಕಟ್ಟಿ ಕೂರುವುದಿಲ್ಲ. ಎಡೆ ಹೊಡೆಯುತ್ತಾನೆ, ಕಳೆ ತೆಗೆಸುತ್ತಾನೆ, 45-50 ದಿನಕ್ಕೆ ಕುಡಿ ಚಿವುಟುತ್ತಾನೆ. ಚೆನ್ನಾಗಿ ಏಳುತ್ತಿರುವ ಗಿಡದ ತುದಿಯನ್ನು ಎರಡು ಬೆರಳಲ್ಲಿ ಮುರಿಯುವುದನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಪಕ್ಕದ ಕವಲು ತುಂಬ ಒಡೆಯುವುದು ಆಮೇಲೆಯೇ, ಕಾಯಿ ಹೆಚ್ಚುವುದೂ ಅಲ್ಲೇ. ನಾವಿಲ್ಲಿ ಬತ್ತಿ ಹಚ್ಚುವ ದಿನಗಳಲ್ಲಿ ಅಲ್ಲಿ ಕಾಯಿ ಬಲಿಯುತ್ತಿರುತ್ತದೆ; ಎಳ್ಳಮವಾಸ್ಯೆಯ ಭಜ್ಜಿಗೆ (ಕಾಳು-ಸೊಪ್ಪಿನ ಪಲ್ಯಕ್ಕೆ) ಬೀಳುವ ಹಸಿ ಕಾಳು ಅದೇ.

ಬೈಬಲಿನ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವೂ ಕಾಯುವವರಿಗೆ ತೋರಿಸುವುದು ರೈತನನ್ನೇ. ಬೈಬಲಿನ ಇಸ್ರಾಯೇಲ್ ನಾಡಿನ ಮುಂಗಾರು ಅಕ್ಟೋಬರ್-ನವೆಂಬರಿನದು, ಬಿತ್ತನೆಗೆ ನೆಲ ಮೆತ್ತಗಾಗಿಸುವುದು; ಹಿಂಗಾರು ಮಾರ್ಚ್-ಏಪ್ರಿಲಿನದು, ಕಾಳು ತುಂಬಿಸುವುದು. ಎರಡರ ನಡುವಿನ ತಿಂಗಳುಗಳನ್ನು ಯಾವ ರೈತನೂ ದಾಟಿ ಹಾರಲಾರ.

ಹಾರಲು ನೋಡಿದವರ ಕಥೆಗಳಿವೆ. ಅಬ್ರಹಾಮನು ಖಾರಾನ್ ಬಿಟ್ಟಾಗ ವಯಸ್ಸು 75. ದೇವರು ಸಂತಾನದ ಮಾತು ಕೊಟ್ಟಿದ್ದರೂ, ಕಾನಾನಿನಲ್ಲಿ 10 ವರ್ಷ ಕಳೆದ ಮೇಲೆ ಹೆಂಡತಿಯ ದಾಸಿ ಹಾಗರಳಿಂದ ಮಗನನ್ನು ಪಡೆಯುವ ದಾರಿ ಹಿಡಿದ. 86ಕ್ಕೆ ಹಾಗರಳ ಮಗ ಇಷ್ಮಾಯೇಲ, 100ಕ್ಕೆ ದೇವರು ಮಾತು ಕೊಟ್ಟ ಮಗ ಇಸಾಕ. ನಡುವಿನ ಆ ಆತುರದ ನೋವು ತಿಂದವರು ಹಾಗರಳೆಂಬ ತಾಯಿ ಮತ್ತು ಅವಳ ಮಗ. ಪ್ರವಾದಿ ಸಮುವೇಲ ಬರುವವರೆಗೆ ಕಾಯಬೇಕಿದ್ದ ಅರಸ ಸೌಲನು ಗಿಲ್ಗಾಲಿನಲ್ಲಿ ಏಳು ದಿನ ಕಾದ. ಜನ ಚದರತೊಡಗಿದ್ದು ಕಂಡು ತಾನೇ ಹೋಮ ಮಾಡಿ ಮುಗಿಸಿದ, ಅಷ್ಟರಲ್ಲೇ ಸಮುವೇಲ ಬಂದು ನಿಂತ.

ನಮ್ಮಲ್ಲಿ ವೀಸಾಕ್ಕೆ, ಮಗುವಿಗೆ, ಊರಿನಲ್ಲಿ ಹಾಸಿಗೆ ಹಿಡಿದ ಹೆತ್ತವರ ಸುದ್ದಿಗೆ ಕಾಯುವವರು ಬಹಳ. ತೊಗರಿಗೆ ಗೊಡ್ಡು ರೋಗ ಬಂದರೆ ಗಿಡ ಹಸಿರಾಗಿಯೇ ಇರುತ್ತದೆ, ಹೂವು ಮಾತ್ರ ಬರುವುದಿಲ್ಲ. ರೋಗ ಹರಡುವ ನುಸಿ ಕಣ್ಣಿಗೂ ಕಾಣದು. ಕಾಯುವವರಿಗೆ ಆ ನುಸಿ ಎಂದರೆ ಹೋಲಿಕೆ: ಅವರ ಹೆಸರುಕಾಳು ಮನೆಗೆ ಬಂತು, ನನ್ನ ತೊಗರಿ ಯಾಕಿಲ್ಲ? ಭಾನುವಾರ ತಪ್ಪದೆ ಬರುತ್ತಲೇ ಒಳಗೊಳಗೆ ದೇವರ ಮೇಲೆ ಮುನಿಸು ಬೆಳೆಯುವುದು ಹೀಗೆ.

ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ತಾರೀಖು, ಬೇಡಿಕೆ ಒಂದೇ ಸಾಲು, ಬಲಪುಟ ಖಾಲಿ. ತಿಂಗಳಿಗೊಮ್ಮೆ ತೆರೆದು ನೋಡಿ. ಉತ್ತರ "ಬೇಡ" ಎಂದಿದ್ದರೂ ಬರೆಯಿರಿ. ಪ್ರಾರ್ಥನೆಗೆ ಮಾತೇ ಹೊರಡದಿದ್ದರೆ 13ನೇ ಕೀರ್ತನೆ ಗಟ್ಟಿಯಾಗಿ ಓದಿ. ಆರೇ ವಚನ, ಮೊದಲ ಎರಡರಲ್ಲೇ "ಎಷ್ಟರವರೆಗೆ" ಎಂದು ನಾಲ್ಕು ಸಲ ಕೇಳಿದ್ದಾನೆ ದಾವೀದ. ದೇವರ ಮುಂದೆ ಹಾಗೆ ಕೇಳಬಹುದು, ಅದು ಅಪನಂಬಿಕೆಯಲ್ಲ. ರಾತ್ರಿಯ ಭಯದಲ್ಲಿ ತೀರ್ಮಾನ ಬೇಡ. ಬೆಳಗಾಗಲಿ, ಅಂದಿನ ಕೆಲಸ ಅಂದು ಮಾಡಿ. ಕಾಯುವವರ ಜೊತೆಗಿರುವವರು ದಯವಿಟ್ಟು "ನಿನ್ನ ನಂಬಿಕೆ ಸಾಲದು" ಅನ್ನಬೇಡಿ. ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಬಾಯಿ ತೆರೆಯದೆ ನೆಲದ ಮೇಲೆ ಕೂತದ್ದೇ ಅವರು ಮಾಡಿದ ಒಳ್ಳೆಯ ಕೆಲಸ.

ಸೂಚನೆಗಳು, ಅವಸರದಲ್ಲಿ: ಎರಡನೇ ಶನಿವಾರ ಸಂಜೆ 5ಕ್ಕೆ ಕ್ಯಾರಲ್ ಅಭ್ಯಾಸ. 24ರ ರಾತ್ರಿ 11ಕ್ಕೆ ಆರಾಧನೆ, ಮೊದಲು ಊಟ. ರೊಟ್ಟಿ ಬಡಿಯುವವರು ಜೋಳದ ಹಿಟ್ಟು ತಾವೇ ತರಬೇಕು. ವಯಸ್ಸಾದವರನ್ನು ಕರೆತರಲು ಮೂರು ಕಾರು ಬೇಕು. ಜನವರಿ ಸಂಚಿಕೆ ಒಬ್ಬರ ಕೈಯಲ್ಲಿ ಆಗುವುದಿಲ್ಲ. ಕನ್ನಡ ಟೈಪಿಂಗ್ ಬಲ್ಲವರು ಇಬ್ಬರಾದರೂ ಮುಂದೆ ಬನ್ನಿ, ಕೈಮುಗಿದು ಕೇಳುತ್ತೇನೆ.

ಮೂರನೇ ಭಾನುವಾರ ಗುಲಾಬಿ ಬಣ್ಣದ ಬತ್ತಿ ಹಚ್ಚುವುದು ಆ ಮಗುವೇ. ಅಷ್ಟರಲ್ಲಿ ಮೊದಲನೆಯದು ಅರ್ಧಕ್ಕೆ ಇಳಿದಿರುತ್ತದೆ, ನಾಲ್ಕನೆಯದು ಪೂರ್ತಿ ಇರುತ್ತದೆ. ಬೆಂಕಿಪೆಟ್ಟಿಗೆ ಯಾರಾದರೂ ತನ್ನಿ.